ಕೋಡ್ ಕೇಳಿದ ರೇಡಿಯೊ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅನ್ನುವವರು ಅನ್ನಲಿ. ಮಗಳ ವಿಷಯ ಬಂದರೆ ನಾನು ಸಂಕೋಚ ಪಡುವವಳಲ್ಲ. ಬೇರೆ ಯಾರಾದರೂ ಬಂದು ಹೊಗಳಲಿ ಎಂದು ಕಾಯುತ್ತಾ ಕೂತಿದ್ದರೆ ಇಷ್ಟು ಹೊತ್ತಿಗೆ ನನ್ನ ನಾಲಿಗೆಗೆ ತುಕ್ಕು ಹಿಡಿಯುತ್ತಿತ್ತು.

ನನ್ನ ಮಗಳು ಕಾರುಗಳ ವೈರಿಂಗ್ ಕೆಲಸದವಳು. ದೀಪ, ಹಾರ್ನ್, ಸೆಲ್ಫ್, ಡೈನಮೊ, ಬ್ಯಾಟರಿ, ಒಟ್ಟಿನಲ್ಲಿ ಕರೆಂಟು ಹರಿಯುವುದೆಲ್ಲ ಅವಳ ಸುಪರ್ದಿ. ಓದಿದ್ದೂ ಅದನ್ನೇ, ಊರಾಚೆಯ ದೊಡ್ಡ ವರ್ಕ್‌ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡು ಕಲಿತದ್ದೂ ಅದನ್ನೇ. ಆಮೇಲೆ ನಮ್ಮ ಬೀದಿಯ ತಿರುವಿನಲ್ಲಿ ಒಂದು ತಗಡಿನ ಶೆಡ್ ಹಿಡಿದು ಬೋರ್ಡು ಹಾಕಿದಳು. ದಿನಾ ಬೆಳಿಗ್ಗೆ ಶಟರ್ ಎತ್ತುವಳು, ಸ್ಪ್ಯಾನರು, ಟೆಸ್ಟರುಗಳನ್ನು ಒರೆಸಿ ಜೋಡಿಸುವಳು, ಸಂಜೆ ಶಟರ್ ಎಳೆದು ಮನೆಗೆ ಬರುವಳು. ಆ ಬಾಗಿಲ ಮುಂದೆ ಒಂದು ಕಾರೂ ನಿಲ್ಲುತ್ತಿರಲಿಲ್ಲ.

ಕಾರಣ ದೂರ ಎಲ್ಲೂ ಇರಲಿಲ್ಲ, ನಮ್ಮ ಮನೆಯಲ್ಲೇ ಊಟ ಮಾಡಿ ಮಲಗುತ್ತಿತ್ತು. ನನ್ನ ಯಜಮಾನರು ಟ್ಯಾಕ್ಸಿ ಓಡಿಸುವವರು, ಸ್ಟ್ಯಾಂಡಿಗೆಲ್ಲ ಹಿರಿಯರು. ಟೈರು ಎಲ್ಲಿ ಕೊಳ್ಳಬೇಕು, ಯಾವ ಬಂಕಿನ ಡೀಸೆಲ್ ನಂಬಬೇಕು, ಯಾವ ಗ್ಯಾರೇಜಿಗೆ ಬಿಡಬೇಕು ಎಂಬುದನ್ನೆಲ್ಲ ಅಲ್ಲಿ ಅವರೇ ತೀರ್ಮಾನಿಸುವುದು. ಅಂಥವರು ತಮ್ಮ ಕಾರಿನ ಒಂದು ಬಲ್ಬನ್ನೂ ಮಗಳ ಕೈಗೆ ಕೊಟ್ಟವರಲ್ಲ. ಕೆಲಸವೆಲ್ಲ ಅವರ ಬಾಲ್ಯದ ಗೆಳೆಯನಿಗೆ. ಆತನಿಗೆ ಗ್ಯಾರೇಜಿದೆ, ಜೇಬಿನಲ್ಲಿ ಸದಾ ಒಂದು ಸ್ಪ್ಯಾನರ್ ಇರುತ್ತದೆ, ಹಾಗಾಗಿ ಎಲ್ಲರ ಬಾಯಲ್ಲೂ ಸ್ಪ್ಯಾನರ್ ಮಾವ. ಉಳಿದ ಡ್ರೈವರುಗಳು ನೋಡಿದರು. ‘ಅವಳ ಅಪ್ಪನೇ ಕೊಡಲ್ಲ, ನಾವ್ಯಾಕೆ ಕೊಡೋಣ?’ ಎಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಮಾಡಿದವರು ನಮ್ಮ ಮನೆ ನೋಡಿಯೇ ಮಾಡಿರಬೇಕು.

ನಾನು ಜಗಳ ಆಡದೆ ಬಿಟ್ಟಿಲ್ಲ.

“ಅವಳಿಗೆ ಕೆಲಸ ಬರಲ್ಲ ಅಂತ ನಾನೆಲ್ಲಿ ಹೇಳ್ದೆ?” ಎನ್ನುವರು. “ನನ್ನ ಕಾರು ಬೇರೆಯವ್ರ ಕೈಗೆ ಒಗ್ಗಲ್ಲ ಅಂದೆ, ಅಷ್ಟೇ.”

“ಮಗಳು ಬೇರೆಯವಳೇನ್ರೀ?”

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುವರು.

ಒಂದು ಬೆಳಿಗ್ಗೆ ಆ ಕಾರು ಬಾಗಿಲಲ್ಲೇ ಮುಷ್ಕರ ಹೂಡಿತು. ಕೀಲಿ ತಿರುಗಿಸಿದರೆ ಟಕ್ ಎನ್ನುವ ಸದ್ದೂ ಇಲ್ಲ. ಸ್ಪ್ಯಾನರ್ ಮಾವನಿಗೆ ಫೋನ್ ಮಾಡಿದರೆ ಆತ ದವಡೆ ಹಲ್ಲು ಕೀಳಿಸಲು ಹೋಗಿದ್ದ. ಯಜಮಾನರು ಬಾನೆಟ್ ಎತ್ತಿ ಒಳಗೆ ಇಣುಕಿದರು, ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಕೊನೆಗೆ, ಬೇರೆ ಯಾರಿಗೋ ಹೇಳುವವರ ಹಾಗೆ ಗೋಡೆಗೆ ಹೇಳಿದರು: “ಬ್ಯಾಟರಿ ಹೋಗಿದೆ ಅನ್ಸುತ್ತೆ. ಯಾರಾದ್ರೂ ನೋಡಿದ್ರೆ ನೋಡ್ಬಹುದು.”

ಮಗಳು ಆಗಲೇ ಟೆಸ್ಟರ್ ಹಿಡಿದು ನಿಂತಿದ್ದಳು. ತಂತಿ ಮುಟ್ಟಿಸಿದಳು, ಬ್ಯಾಟರಿ ಪೂರ್ತಿ ಸತ್ತಿದೆ ಎಂದಳು. ಹೊಸದನ್ನು ತಂದು ಕೂರಿಸುವ ಮುಂಚೆ ಕೇಳಿದ್ದು ಒಂದೇ ಮಾತು.

“ಅಪ್ಪಾ, ಈ ಥರದ ರೇಡಿಯೊಗೆ ಕೋಡ್ ಇರುತ್ತೆ. ಕರೆಂಟು ನಿಂತು ಮತ್ತೆ ಬಂದ್ರೆ ಕೇಳುತ್ತೆ. ನಿಮ್ಮ ಹತ್ರ ಇದ್ಯಾ?”

“ಯಾವ ಕೋಡೂ ಇಲ್ಲ, ಗೀಡೂ ಇಲ್ಲ. ಸ್ಪ್ಯಾನರ್ ಎಷ್ಟು ಸಲ ಬ್ಯಾಟರಿ ಬದಲಾಯಿಸಿದಾನೆ, ಒಂದು ದಿನಾನೂ ಏನೂ ಕೇಳಿಲ್ಲ. ನೀನು ಹಾಕು.”

ಹಾಕಿದಳು. ಕಾರು ಒಂದೇ ಏಟಿಗೆ ಎದ್ದಿತು. ಯಜಮಾನರ ಮುಖವೂ ಅರಳಿತು, ರೇಡಿಯೊದ ಗುಂಡಿ ಒತ್ತುವವರೆಗೆ. ಹಾಡಿಲ್ಲ, ವಾರ್ತೆಯಿಲ್ಲ. ಸಣ್ಣ ಹಸಿರು ಪರದೆಯ ಮೇಲೆ ‘ಕೋಡ್’ ಎಂಬ ಪದ, ಮುಂದೆ ನಾಲ್ಕು ಖಾಲಿ ಗೆರೆ.

“ನೋಡಿದ್ಯಾ!” ಎಂದು ನನ್ನ ಕಡೆ ತಿರುಗಿದರು. ಬೈಗುಳ ಮಗಳಿಗೆ, ವಿಳಾಸ ನನ್ನದು. “ಅದಕ್ಕೇ ನಾನು ಯಾರ ಕೈಗೂ ಕೊಡಲ್ಲ ಅನ್ನೋದು. ಇಷ್ಟು ವರ್ಷ ಮಾತಾಡ್ತಿದ್ದ ರೇಡಿಯೊ, ಇವಳು ಮುಟ್ಟಿದ ದಿನವೇ ಬಾಯಿ ಮುಚ್ಕೊಂಡಿತು.”

ಇದು ಬರೀ ರೇಡಿಯೊ ಮಾತಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಸ್ಟ್ಯಾಂಡಿನಲ್ಲಿ ವಾರ್ತೆ ಕೇಳುವುದು ಯಜಮಾನರ ಕಾರಿನಲ್ಲಿ. ಆಟವಿದ್ದ ದಿನ ನಾಲ್ಕೂ ಬಾಗಿಲು ತೆರೆದಿಟ್ಟು, ಡ್ರೈವರುಗಳೆಲ್ಲ ಅದಕ್ಕೆ ಒರಗಿ ನಿಂತು ಕಾಮೆಂಟರಿ ಕೇಳುತ್ತಾರೆ. ಈಗ ಆ ಕಾರು ಮೂಕವಾಗಿ ಹೋಗಿ ಅಲ್ಲಿ ನಿಂತರೆ, ‘ಏನಾಯ್ತಣ್ಣಾ?’ ಎಂದು ಕೇಳದವರಿಲ್ಲ. ‘ಮಗಳು ಮುಟ್ಟಿದಳು’ ಎಂದು ಇವರು ಒಂದು ಮಾತು ಹೇಳಿದರೆ ಸಾಕು, ಆ ಶೆಡ್ಡನ್ನು ಬಟ್ಟೆ ಒಣಗಿಸಲು ಬಿಟ್ಟುಕೊಡುವುದೇ ವಾಸಿ. ಮಗಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವಳ ದನಿ ಏರಲಿಲ್ಲ.

“ಕೆಟ್ಟಿಲ್ಲಪ್ಪಾ. ಕಳ್ಳರು ಕಿತ್ಕೊಂಡು ಹೋದ್ರೆ ಅವ್ರಿಗೆ ಉಪಯೋಗಕ್ಕೆ ಬರಬಾರದು ಅಂತ ಕಂಪನಿಯವ್ರೇ ಮಾಡಿರೋ ಬೀಗ ಅದು. ಬ್ಯಾಟರಿ ಸತ್ತಾಗಲೇ ಬಿದ್ದಿದೆ. ಕಾರಿನ ಕಾಗದ ಕೊಡಿ, ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋಗಿ ಕೋಡ್ ತರ್ತೀನಿ.”

“ತಂದ ಮೇಲೆ ಹೇಗೆ ಹಾಕೋದು?” ಎಂದರು ಯಜಮಾನರು, ಏನೂ ಅರಿಯದವರ ಹಾಗೆ.

ಪಾಪ, ಮಗಳು ನಂಬಿ ತೋರಿಸಿದಳು. ಒಂದನೇ ಗುಂಡಿ ಒತ್ತುತ್ತಾ ಹೋದರೆ ಮೊದಲ ಅಂಕಿ ಬದಲಾಗುತ್ತದೆ, ಎರಡನೆಯದಕ್ಕೆ ಎರಡನೆಯದು, ಹಾಗೆ ನಾಲ್ಕು. ಐದನೇ ಗುಂಡಿ ಒತ್ತಿದರೆ ಮುದ್ರೆ ಬಿದ್ದಂತೆ.

“ಆದ್ರೆ ಯಾರೂ ಮುಟ್ಟಬೇಡಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. “ಹತ್ತು ಸಲ ತಪ್ಪಾದ್ರೆ ಸೆಟ್ ಪೂರ್ತಿ ಬೀಗ ಹಾಕ್ಕೊಳುತ್ತೆ. ಆಮೇಲೆ ನನ್ನ ಕೈಯಲ್ಲೂ ಆಗಲ್ಲ, ಕಿತ್ತು ಬಿಸಾಕ್ಬೇಕು.”

ಮಗಳು ಕಾಗದ ಹಿಡಿದು ಬಸ್ಸು ಹತ್ತಿದಳು. ಯಜಮಾನರು ಆ ದಿನ ಸ್ಟ್ಯಾಂಡಿಗೆ ಹೋಗಲಿಲ್ಲ. ರೇಡಿಯೊ ಇಲ್ಲದೆ ಬೀದಿಗಿಳಿಯಲ್ಲ ಎಂದು ಮುನಿಸಿಕೊಂಡು ಮನೆಯಲ್ಲೇ ಉಳಿದರು. ನಾನು ಕಿಟಕಿ ಪಕ್ಕದ ಹೊಲಿಗೆ ಮೆಷಿನ್ ಮುಂದೆ ಕೂತೆ. ಹೊಲಿಗೆಯೇ ನನ್ನ ಕಸುಬು, ಕಿಟಕಿಯೇ ನನ್ನ ಸಿನಿಮಾ. ಮೊದಲು ನಮ್ಮ ಅತ್ತೆ ನಿಧಾನವಾಗಿ ಹೋಗಿ ಕಾರಿನೊಳಗೆ ಕೂತರು. ಗಾಳಿಗೆ ಕೂತಿರಬೇಕು ಎಂದುಕೊಂಡೆ. ಆಮೇಲೆ ಯಜಮಾನರು ಹೋಗಿ ಬಹಳ ಹೊತ್ತು ಕೂತರು. ಅವರು ಬಚ್ಚಲಿಗೆ ಹೋದಾಗ ನಾನೂ ಹೋಗಿ ಕೂತೆ. ಯಾಕೆ ಎಂದು ಈಗಲೇ ಕೇಳಬೇಡಿ.

ಮಧ್ಯಾಹ್ನ ಮಗಳು ಬಸ್ಸಿಳಿದು ಬಂದಳು. ಕೈಯಲ್ಲೊಂದು ಚೀಟಿ, ಮುಖದಲ್ಲಿ ಗೆಲುವು. ನೇರವಾಗಿ ಕಾರಿಗೆ ಹೋಗಿ ರೇಡಿಯೊ ಹಚ್ಚಿದಳು. ಹಚ್ಚಿದವಳು ಹಾಗೇ ಕೂತುಬಿಟ್ಟಳು.

“ಯಾರ್ ಮುಟ್ಟಿದ್ದು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅತ್ತೆ ತಮ್ಮ ತೋರುಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡರು. ಯಜಮಾನರು ಆಕಾಶ ನೋಡಿದರು. ನಾನು ಸೂಜಿಗೆ ದಾರ ಪೋಣಿಸತೊಡಗಿದೆ, ಸೂಜಿಗೆ ಆಗಲೇ ದಾರವಿತ್ತು.

“ಪರದೆ ಮೂಲೆಯಲ್ಲಿ ಒಂದು ಸಣ್ಣ ಅಂಕಿ ಇದೆ, ನೋಡಿ. ಎಷ್ಟು ಸಲ ತಪ್ಪಾಗಿದೆ ಅಂತ ಲೆಕ್ಕ ಇಡುತ್ತೆ ಅದು. ಬೆಳಿಗ್ಗೆ ಸೊನ್ನೆ ಇತ್ತು. ಈಗ ಒಂಬತ್ತು!”

ನಾನು ಒತ್ತಿದ್ದು ಎರಡೇ ಸಲ. ಹತ್ತರಲ್ಲಿ ಎರಡು ಹೋದರೆ ಎಂಟು ಉಳಿಯಿತಲ್ಲ ಎಂದು ಲೆಕ್ಕ ಹಾಕಿದ್ದೆ. ಮನೆಯಲ್ಲಿ ಎಲ್ಲರೂ ಅದೇ ಲೆಕ್ಕ ಹಾಕಿದ್ದರು.

ಮೊದಲು ಬಾಯಿಬಿಟ್ಟವರು ಅತ್ತೆ. “ನಾನು ಒಂದು ಎರಡು ಮೂರು ನಾಲ್ಕು ಒತ್ತಿದೆ ಮಗಾ. ಬೀಗ ಹಾಕಿದೋನಿಗೂ ನೆನಪಿರಬೇಕಲ್ವಾ? ಆಗ್ಲಿಲ್ಲ. ಸರಿ, ಹಿಂದಿನಿಂದ ಒತ್ತಿದೆ.”

ಆಮೇಲೆ ನಾನು. ನಮ್ಮ ಮದುವೆಯ ಇಸವಿ ಹಾಕಿದ್ದೆ, ಆಗದಿದ್ದಾಗ ಮನೆ ನಂಬರು ಹಾಕಿದ್ದೆ. ಹೇಳುವಾಗ ನಾಚಿಕೆಯಾಯಿತು.

“ಹಾಗಾದ್ರೆ ಉಳಿದ ಐದು?” ಎಂದು ಮಗಳು ಅಪ್ಪನನ್ನು ನೋಡಿದಳು.

“ಕಾರಿನ ನಂಬರು ಒಂದು,” ಎಂದರು ಯಜಮಾನರು. “ಲೈಸೆನ್ಸಿನ ಕೊನೇ ನಾಲ್ಕು ಅಂಕಿ ಒಂದು. ಸ್ಪ್ಯಾನರಿನ ಫೋನ್ ನಂಬರಿಂದು ಒಂದು.”

“ಇನ್ನೆರಡು?”

“ಏನೋ ಒತ್ತಿದೆ ಬಿಡು.”

“ಏನು ಒತ್ತಿದ್ರಿ ಅಪ್ಪಾ?”

“ನೀನು ಹುಟ್ಟಿದ ದಿನ,” ಎಂದು ರೇಗಿದರು. “ತಾರೀಖು, ತಿಂಗಳು. ಮೊದಲ ಸಲ ಆಗ್ಲಿಲ್ಲ. ಬೆರಳು ಜಾರಿರಬೇಕು ಅಂತ ಇನ್ನೊಂದ್ಸಲ ಒತ್ತಿದೆ. ಅದೇ ಇರುತ್ತೆ ಅಂದ್ಕೊಂಡಿದ್ದೆ.”

ಮದುವೆಯ ಇಸವಿ ಅವರಿಗೆ ಹೊಳೆದೇ ಇರಲಿಲ್ಲ, ಆ ಜಗಳ ಬೇರೆ, ಅದನ್ನು ನಾನು ಆಮೇಲೆ ಆಡಿದೆ. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣು ಒದ್ದೆಯಾದದ್ದು ನಿಜ. ಒಂದು ಬಲ್ಬನ್ನೂ ಮಗಳಿಗೆ ಕೊಡದ ಮನುಷ್ಯ, ಕಾರಿನ ಬೀಗ ಮಾತ್ರ ಮಗಳ ಹೆಸರಿನಲ್ಲೇ ಇರುತ್ತದೆ ಎಂದು ನಂಬಿ ಕೂತಿದ್ದರು.

“ಅಪ್ಪಾ, ಆ ಕೋಡ್ ಕಾರ್ಖಾನೆಯಲ್ಲೇ ಹಾಕಿರ್ತಾರೆ,” ಎಂದಳು ಮಗಳು ಸಣ್ಣ ದನಿಯಲ್ಲಿ. “ನಾನು ಯಾವಾಗ ಹುಟ್ಟಿದೆ ಅಂತ ಅವ್ರಿಗೆ ಹೇಗೆ ಗೊತ್ತಿರುತ್ತೆ?”

“ಆಯ್ತಲ್ಲ, ಕೋಡ್ ತಂದಿದೀಯಲ್ಲ, ಒತ್ತು ಮತ್ತೆ!”

ಮಗಳು ಒಂದನೇ ಗುಂಡಿಯ ಮೇಲೆ ಬೆರಳಿಟ್ಟಳು. ಇಟ್ಟವಳು ತೆಗೆದಳು. ರೇಡಿಯೊಗೆ ಮುಖ ತಾಗುವಷ್ಟು ಬಗ್ಗಿ, ಟಾರ್ಚ್ ಹಚ್ಚಿ ಅದರ ಎರಡೂ ಪಕ್ಕ ನೋಡಿದಳು. ಅಲ್ಲಿ ಕಡ್ಡಿ ತೂರುವಷ್ಟು ಸಣ್ಣ ತೂತುಗಳಿವೆ, ಅದರಲ್ಲಿ ತಂತಿ ತೂರಿಸಿ ರೇಡಿಯೊವನ್ನು ಹೊರಗೆಳೆಯುವುದು.

“ಇದನ್ನ ಯಾರೋ ಹಿಂದೆ ಹೊರಗೆ ತೆಗೆದಿದಾರೆ. ತೂತಿನ ಸುತ್ತ ಗೀರಿದೆ, ನೋಡಿ.”

“ಯಾರೂ ಮುಟ್ಟಿಲ್ಲ. ಕಾರು ಕೊಂಡ ದಿನದಿಂದ ನಾನೊಬ್ಬ, ಸ್ಪ್ಯಾನರ್ ಒಬ್ಬ, ಅಷ್ಟೇ. ಕಂಪನಿಯವ್ರೇ ಕೋಡ್ ಕೊಟ್ಟಿದಾರೆ, ಒತ್ತು ಅಂದ್ರೆ ಒತ್ತು.”

“ಇಲ್ಲ.”

ನಮ್ಮ ಮನೆಯಲ್ಲಿ ಆ ಪದವನ್ನು ಯಜಮಾನರ ಮುಖಕ್ಕೆ ಹೇಳಿದವರು ನಾನೊಬ್ಬಳೇ, ಅದೂ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು. ಇವಳು ಬೀದಿಯಲ್ಲಿ ನಿಂತು ಹೇಳಿದಳು.

“ಇನ್ನು ಒಂದೇ ಸಲ ಉಳಿದಿರೋದು ಅಪ್ಪಾ. ಕಂಪನಿಯವ್ರು ಕಾರಿನ ಕಾಗದ ನೋಡಿ ಕೋಡ್ ಕೊಟ್ರು, ರೇಡಿಯೊ ನೋಡಿ ಅಲ್ಲ. ಇದು ಈ ಕಾರಿನ ರೇಡಿಯೊನೇ ಅಂತ ಗೊತ್ತಾಗೋವರೆಗೂ ನಾನು ಒತ್ತಲ್ಲ.”

“ನನ್ನ ಕಾರು!”

“ನಿಮ್ಮ ಕಾರು. ಕೆಲಸ ನನ್ನದು.”

ಯಜಮಾನರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಈ ಸಲ ಅದು ಬಾಯಿಗೆ ಇಳಿಯಲಿಲ್ಲ, ಅಲ್ಲೇ ನಿಂತಿತು. ನನಗೋ, ಒಳಗೊಳಗೇ ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. ಅಳತೆ ಸರಿಯಾಗಿ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಬಾರದು ಎಂದು ನಾನು ಅವಳಿಗೆ ಹೇಳಿಕೊಟ್ಟಿದ್ದೇ ಇಲ್ಲ, ಅವಳಿಗೆ ಸೂಜಿ ಹಿಡಿದರೆ ನಿದ್ದೆ ಬರುತ್ತಿತ್ತು. ಆದರೂ ಎಲ್ಲಿಂದಲೋ ಕಲಿತುಬಿಟ್ಟಿದ್ದಳು.

ಹಳೇ ಸೈಕಲ್ಲಿನ ಕಡ್ಡಿಗಳನ್ನು ಬಗ್ಗಿಸಿ ಎರಡು ಕೊಕ್ಕೆ ಮಾಡಿದಳು. ತೂತಿಗೆ ತೂರಿಸಿ, ಎರಡೂ ಕೈ ಅಗಲಿಸಿ ಎಳೆದಳು. ಟಿಕ್ ಟಿಕ್ ಎಂದು ಎರಡು ಸದ್ದಾಗಿ ರೇಡಿಯೊ ಡಬ್ಬಿಯಂತೆ ಹೊರಗೆ ಬಂತು. ಅದರ ನೆತ್ತಿಯ ಮೇಲೆ ಒಂದು ಬಿಳಿ ಪಟ್ಟಿ, ಪಟ್ಟಿಯ ಮೇಲೆ ಉದ್ದದ ನಂಬರು. ಮಗಳು ಆ ನಂಬರನ್ನು ಚೀಟಿಯಲ್ಲಿ ಕೋಡಿನ ಕೆಳಗೆ ಬರೆದಿದ್ದ ರೇಡಿಯೊ ನಂಬರಿನ ಪಕ್ಕ ಹಿಡಿದಳು. ಅಂಕಿ ಬಿಟ್ಟರೆ ಬೇರೆ ಓದು ಬಾರದ ಅತ್ತೆಯೂ ಇಣುಕಿ, “ಒಂದಕ್ಕೊಂದು ಹೋಲಿಕೆಯೇ ಇಲ್ಲವಲ್ಲೇ” ಎಂದರು.

ರೇಡಿಯೊ ನಮ್ಮ ಕಾರಿನದಾಗಿರಲಿಲ್ಲ.

ಯಜಮಾನರು ಸ್ಪ್ಯಾನರ್ ಮಾವನಿಗೆ ಫೋನ್ ಮಾಡಿ ಎರಡೇ ಮಾತು ಹೇಳಿದರು: “ಇದ್ದಂಗೇ ಬಾ.” ಆತ ಇದ್ದಂಗೇ ಬಂದ. ಒಂದು ಕೆನ್ನೆ ಊದಿತ್ತು, ಬಾಯಲ್ಲಿ ಹತ್ತಿಯಿತ್ತು. ಹೊರಗೆ ಬಂದಿದ್ದ ರೇಡಿಯೊ ನೋಡಿದ, ಊದದ ಕೆನ್ನೆಯೂ ಬಿಳುಚಿತು.

“ಬಯ್ಯಬೇಡ ಕಣೋ,” ಎಂದು ಹತ್ತಿ ಉಗಿದು ಶುರುಮಾಡಿದ. “ನೀನು ಒಂದ್ಸಲ ಕ್ಯಾಸೆಟ್ ಸಿಕ್ಕಾಕೊಂಡಿದೆ ಅಂತ ಬಿಟ್ಟುಹೋಗಿದ್ದೆ. ಬಿಚ್ಚಿದೆ. ಒಂದು ಸ್ಪ್ರಿಂಗ್ ಹಾರಿಹೋಯ್ತು, ಹುಡುಕಿದ್ರೆ ಸಿಗಲಿಲ್ಲ. ನಿನ್ನ ಕಾರಿನ ಥರದ್ದೇ ಒಂದು ಕಾರನ್ನ ಗುಜರಿಗೆ ಅಂತ ಆಗಷ್ಟೇ ಕೊಂಡಿದ್ದೆ. ಅದರ ರೇಡಿಯೊ ಹಾಕ್ದೆ, ರಿಪೇರಿ ಆಯ್ತು ಅಂದೆ. ಅದರ ಕೋಡ್ ಬರೆದಿಟ್ಟಿದ್ದೆ, ಅದೂ ಎಲ್ಲೋ ಹೋಯ್ತು.”

“ಮತ್ತೆ ಇಷ್ಟು ಸಲ ಬ್ಯಾಟರಿ ಬದಲಾಯಿಸ್ದೆ, ಒಂದ್ಸಲಾನೂ ಕೋಡ್ ಕೇಳಲಿಲ್ವಲ್ಲ?”

“ಕೇಳೋಕೆ ಬಿಟ್ರೆ ತಾನೇ? ಪ್ರತೀ ಸಲಾನೂ ಪಕ್ಕದಲ್ಲಿ ಇನ್ನೊಂದು ಬ್ಯಾಟರಿ ಕಟ್ಟಿ, ಕರೆಂಟು ಒಂದು ಕ್ಷಣಾನೂ ನಿಲ್ಲದ ಹಾಗೆ ಜೀವ ಕೈಯಲ್ಲಿ ಹಿಡ್ಕೊಂಡು ಬದಲಾಯಿಸ್ತಿದ್ದೆ ಕಣೋ. ಒಂದೊಂದು ಬ್ಯಾಟರಿಗೂ ನನ್ನ ಆಯುಸ್ಸು ಒಂದೊಂದು ವರ್ಷ ಕಮ್ಮಿಯಾಗಿದೆ.”

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. ಕಾರಿನ ಬಾಗಿಲು ಹಿಡಿದು ನಿಂತು ಮಗಳನ್ನೇ ನೋಡುತ್ತಿದ್ದರು. ಬೇರೆಯವರ ಕೈಗೆ ಒಗ್ಗದ ಕಾರಿನಲ್ಲಿ ಬೇರೆ ಕಾರಿನ ರೇಡಿಯೊ ಇಷ್ಟು ವರ್ಷ ಹಾಡಿತ್ತು. ಅದನ್ನು ಕಂಡುಹಿಡಿದವಳು, ಮುಟ್ಟಬೇಡ ಎಂದು ದೂರ ಇಟ್ಟ ಮಗಳು. ಅವರು ಹೇಳಿದಂತೆ ಆ ಕೋಡ್ ಒತ್ತಿದ್ದರೆ ಹತ್ತನೆಯದೂ ತಪ್ಪಾಗಿ ಎಲ್ಲ ಮುಗಿದಿರುತ್ತಿತ್ತು.

ಮಗಳು ಆತನನ್ನು ಬೈಯಲಿಲ್ಲ. “ಆ ಗುಜರಿ ಕಾರಿನ ಕಾಗದ ಇದೆಯಾ ಮಾವ?” ಎಂದು ಮಾತ್ರ ಕೇಳಿದಳು. ಇತ್ತು. ಇಬ್ಬರೂ ರೇಡಿಯೊ ಸಮೇತ ಸರ್ವಿಸ್ ಕೇಂದ್ರಕ್ಕೆ ಹೊರಟರು. ಬಸ್ಸಿನಲ್ಲಿ ಸ್ಪ್ಯಾನರ್ ಮಾವ ಅದನ್ನು ಟವೆಲಿನಲ್ಲಿ ಸುತ್ತಿ, ಎಳೆಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದನಂತೆ. ಪಕ್ಕದವಳು ಜಾಗ ಬಿಟ್ಟುಕೊಟ್ಟಳಂತೆ.

ಬಿಸಿಲು ಇಳಿಯುವ ಹೊತ್ತಿಗೆ ವಾಪಸು ಬಂದರು. ಅಷ್ಟರಲ್ಲಿ ಬೀದಿಯ ನಾಲ್ಕು ಮನೆಯವರಿಗೆ ಸುದ್ದಿ ಹೋಗಿತ್ತು, ಹಿಂದಿನ ಸೀಟಿನಲ್ಲಿ ಅತ್ತೆ ಆಗಲೇ ಜಾಗ ಹಿಡಿದಿದ್ದರು. ಮಗಳು ರೇಡಿಯೊ ಕೂರಿಸಿದಳು. ಹಸಿರು ಪರದೆ ಹತ್ತಿತು, ಮೂಲೆಯಲ್ಲಿ ಆ ಒಂಬತ್ತು ಹಾಗೇ ಇತ್ತು. ಅವಳು ಹೊಸ ಚೀಟಿಯನ್ನು ಅಪ್ಪನ ಕಡೆ ಚಾಚಿದಳು.

“ನಿಮ್ಮ ಕಾರು ಅಪ್ಪಾ. ನೀವೇ ಒತ್ತಿ.”

ಯಜಮಾನರು ಚೀಟಿ ತೆಗೆದುಕೊಂಡರು. ಓದಿದರು. ಬೆರಳನ್ನು ಗುಂಡಿಯ ಹತ್ತಿರ ಒಯ್ದು ಹಾಗೇ ಹಿಡಿದರು. ಆಮೇಲೆ ಚೀಟಿಯನ್ನು ಮಡಚಿ ಅವಳ ಅಂಗೈಗೆ ವಾಪಸು ಇಟ್ಟು, ತಮ್ಮ ಕೈಯಿಂದ ಅವಳ ಮುಷ್ಟಿ ಮುಚ್ಚಿದರು.

“ನೀನು ಒತ್ತಮ್ಮ.”

“ತಪ್ಪಾದ್ರೆ?”

“ತಪ್ಪಾದ್ರೂ ನೀನೇ ಒತ್ತು. ನಾಳೆ ಸ್ಟ್ಯಾಂಡಲ್ಲಿ ಕೇಳಿದ್ರೆ, ನನ್ನ ಮಗಳು ಮಾಡೋದನ್ನೆಲ್ಲ ಸರಿಯಾಗೇ ಮಾಡಿದಳು ಅಂತ ಹೇಳ್ತೀನಿ. ರೇಡಿಯೊ ಮಾತಾಡ್ಲಿ, ಬಿಡ್ಲಿ.”

ಕಾರು ಸ್ಟಾರ್ಟ್ ಆದಾಗ ಶಾಂತವಾಗಿದ್ದ ಹುಡುಗಿ, ಬೈಗುಳ ತಿಂದಾಗಲೂ ಶಾಂತವಾಗಿದ್ದ ಹುಡುಗಿ, ಆ ಮಾತಿಗೆ ಮೂಗು ಒರೆಸಿಕೊಂಡಳು. ಒಂದೊಂದೇ ಅಂಕಿ ಒತ್ತಿದಳು. ನಾಲ್ಕನ್ನೂ ಚೀಟಿಯ ಜೊತೆ ಎರಡು ಸಲ ತಾಳೆ ನೋಡಿದಳು. ಐದನೇ ಗುಂಡಿ ಒತ್ತಿದಳು.

ಪರದೆ ಒಮ್ಮೆ ಕಪ್ಪಾಯಿತು. ಮರುಗಳಿಗೆ ಒಬ್ಬ ಗಂಡಸು ಜೋರು ದನಿಯಲ್ಲಿ ನಾಳೆ ಮೋಡ ಕವಿದ ವಾತಾವರಣ ಇರುತ್ತದೆ ಎಂದು ಹೇಳತೊಡಗಿದ. ಹವಾಮಾನ ವರದಿಗೆ ಅಷ್ಟು ಜನ ಚಪ್ಪಾಳೆ ತಟ್ಟಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿಲ್ಲ, ಆಮೇಲೂ ಕಂಡಿಲ್ಲ. ಯಜಮಾನರು ದನಿಯನ್ನು ಇನ್ನೂ ಏರಿಸಿದರು, ಬೀದಿಯ ಕೊನೆಯ ಮನೆಗೂ ಕೇಳಲಿ ಎಂದು.

ಮರುದಿನ ಸ್ಟ್ಯಾಂಡಿನಲ್ಲಿ ಏನು ಹೇಳಿದರೋ ನಾನು ಕೇಳಿಲ್ಲ. ಸ್ಪ್ಯಾನರ್ ಮಾವನ ಪ್ರಕಾರ, ಬಾಡಿಗೆ ಬಂದರೂ ಹೋಗದೆ ಅದೇ ಕತೆಯನ್ನು ಹೇಳುತ್ತಾ ನಿಂತಿದ್ದರಂತೆ. ‘ನನಗೇ ಇಲ್ಲ ಅಂದ್ಬಿಟ್ಟಳು ಕಣ್ರೋ, ನನಗೇ!’ ಎನ್ನುವಾಗ ಎದೆ ತಟ್ಟಿಕೊಳ್ಳುತ್ತಿದ್ದರಂತೆ. ಮಗಳ ಶೆಡ್ಡಿಗೆ ಒಂದು ಕಾರು ಬಂತು, ಹಿಂದೆ ಇನ್ನೊಂದು ಬಂತು. ವೈರಿಂಗ್ ಕೆಲಸ ಏನೇ ಇದ್ದರೂ ಸ್ಪ್ಯಾನರ್ ಮಾವನೇ ಅಲ್ಲಿಗೆ ಕಳಿಸತೊಡಗಿದ, ತನ್ನ ಆಯುಸ್ಸು ಉಳಿಯಲಿ ಎಂದು. ಶೆಡ್ಡಿನ ಮುಂದೆ ಕಾಯುವವರಿಗೆ ಒಂದು ಬೆಂಚು ಹಾಕಬೇಕಾಯಿತು.

ಮೊನ್ನೆ ನಾನು ಮಗಳಿಗೆ ಚಹಾ ಕೊಡಲು ಹೋಗಿದ್ದೆ. ಯಜಮಾನರ ಕಾರೂ ಬಂತು, ಹೆಡ್‌ಲೈಟ್ ಒಂದು ಮಿನುಗುತ್ತಿತ್ತಂತೆ. ಮುಂದೆ ಬೇರೆ ಕಾರುಗಳು ನಿಂತಿದ್ದನ್ನು ನೋಡಿ ಒಂದು ಹಾರ್ನ್ ಕೊಟ್ಟರು. ಮಗಳು ಬಾನೆಟ್ಟಿನಿಂದ ತಲೆ ಎತ್ತಲೇ ಇಲ್ಲ.

“ಹಾರ್ನ್ ಮಾಡ್ಬೇಡಿ. ನಿಮಗಿಂತ ಮುಂಚೆ ಬಂದೋರು ಇದಾರೆ. ಬೆಂಚ್ ಮೇಲೆ ಕೂತ್ಕೊಳ್ಳಿ, ಕರೀತೀನಿ.”

ಇನ್ನೇನು ಕಾದಿದೆಯೋ ಎಂದುಕೊಂಡೆ. ಯಜಮಾನರು ಇಳಿದು ಬಂದು, ಟವೆಲಿನಿಂದ ಬೆಂಚು ಒರೆಸಿ, ಸುಮ್ಮನೆ ಕೂತರು. ಪಕ್ಕದಲ್ಲಿ ಯಾರೋ ಹೊಸ ಡ್ರೈವರ್ ಕೂತಿದ್ದ. ಆತ ಗಡಿಯಾರ ನೋಡಿಕೊಂಡು, “ಇನ್ನೂ ಎಷ್ಟೊತ್ತಮ್ಮಾ?” ಎಂದು ಒಳಗೆ ಕೂಗಿದ.

ಯಜಮಾನರು ಆತನ ತೊಡೆಯ ಮೇಲೆ ಕೈಯಿಟ್ಟು ತಡೆದರು.

“ಸುಮ್ನೆ ಕೂತ್ಕೊಳಯ್ಯಾ,” ಎಂದರು. “ಆ ಹುಡುಗಿ ಹೆತ್ತ ಅಪ್ಪನನ್ನೇ ಕಾಯಿಸ್ತಾಳೆ, ನೀನ್ಯಾವ ಲೆಕ್ಕ?”